ಅಕ್ಕೋರ ಪಡಸಾಲೆಯ ಇಂಗ್ಲಿಷು

ಅವರ ಎಡಗಿವಿಯಲ್ಲಿ ಯಾವಾಗಲೂ ಒಂದು ಉಂಡೆ ಅರಳೆ ಇರುತ್ತಿತ್ತು. ಕಡು ಬೇಸಿಗೆಯಲ್ಲೂ ಇರುತ್ತಿತ್ತು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಇರುತ್ತಿತ್ತು. ಕಿವಿಗೆ ಗಾಳಿ ಹೊಕ್ಕರೆ ತಲೆಶೂಲೆ ಬರುತ್ತದೆ ಎಂಬುದು ಅವರ ವಾದ. ಅದು ಔಷಧ ಅಂಗಡಿಯ ಹತ್ತಿಯೂ ಅಲ್ಲ. ತಮ್ಮನ ಅಂಗಡಿಗೆ ಬಂದ ಹತ್ತಿ ತುಂಬಿದ ಅಂಡಿಗೆ ಚೀಲದಿಂದ ತಾವೇ ಕಿತ್ತು, ಬೀಜ ಬಿಡಿಸಿ, ಬೆರಳಲ್ಲಿ ಹೊಸೆದು ಇಟ್ಟುಕೊಂಡದ್ದು. ನಾನು ಮೊದಲ ದಿನ ಅವರ ಮುಂದೆ ಕುಳಿತು, ಧಾರವಾಡದ ಕೋಚಿಂಗಿನಲ್ಲಿ ಬಾಯಿಪಾಠ ಮಾಡಿಸಿದ್ದ ಮಹಿಳಾ ಸಬಲೀಕರಣದ ಇಂಗ್ಲಿಷ್ ಪ್ರಬಂಧವನ್ನು ಒಂದೇ ಉಸಿರಿಗೆ ಒಪ್ಪಿಸತೊಡಗಿದಾಗ, ಅವರು ನಾಲ್ಕು ಸಾಲು ಕೇಳಿ, ಮಡಿಲಲ್ಲಿದ್ದ ಅರಳೆಯಿಂದ ಇನ್ನೊಂದು ಉಂಡೆ ಮಾಡಿ ಬಲಗಿವಿಗೂ ಇಟ್ಟುಕೊಂಡರು. ನಾನು ಬಾಯಿ ಮುಚ್ಚಿದೆ.

"ಯಾಕ, ನಡೀಲಿ. ನೀ ನಿನಗ ಹೇಳ್ಕೊಳ್ಳಾಕತ್ತಿ, ನನಗ್ಯಾಕ ಕೇಳಸಬೇಕು?" ಎಂದರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಎನ್ನುತ್ತಾರೆ. ಅಣ್ಣಿಗೇರಿಯಲ್ಲಿ ಅಂಥ ಅಕ್ಕೋರು ಬಹಳ ಮಂದಿ ಇದ್ದಾರೆ, ಆದರೆ ಮುಂದೆ ಹಿಂದೆ ಏನೂ ಸೇರಿಸದೆ ಬರೀ ‘ಅಕ್ಕೋರು’ ಎಂದರೆ ಇವರೊಬ್ಬರೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಊರಿನ ಅರ್ಧ ಗಂಡಸರು ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇಲ್ಲ. ಸ್ಟೇಷನ್ ರಸ್ತೆಯಲ್ಲಿ ತಮ್ಮನ ತುಂಬಿದ ಮನೆಯಲ್ಲಿ ಇರುತ್ತಿದ್ದರು. ತಮ್ಮ ಕಾಳುಕಡಿಯ ದಲಾಲಿ ಮಾಡುವವರು, ಮಾಲು ಸಾಗಿಸಲು ಸ್ವಂತದ್ದೊಂದು ಗಾಡಿಯೂ ಇತ್ತು. ಅವರು ಪೇಟೆಯ ಅಡತಿ ಅಂಗಡಿಗೆ ಹೋದಾಗ ಬಂದ ರೈತರೆಲ್ಲ ಮನೆಯ ಪಡಸಾಲೆಯಲ್ಲಿ ಕಾಯುತ್ತ ಕೂರುತ್ತಿದ್ದರು. ಆ ಪಡಸಾಲೆಯ ಒಂದು ಮೂಲೆಯಲ್ಲಿ ಅಕ್ಕೋರ ಕುರ್ಚಿ. ಅದರ ಬುಡದಲ್ಲಿ, ಕಡಲೆ ಚೀಲಕ್ಕೆ ಬೆನ್ನು ಕೊಟ್ಟು, ನಾನು.

ನನ್ನ ಸಂಕಟವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಮದುವೆಯಾಗಿ ಈ ಊರಿಗೆ ಬಂದೆ. ಮನೆಯವರದು ಬೀಜ ಗೊಬ್ಬರದ ಅಂಗಡಿ. ರಾಜ್ಯ ನಾಗರಿಕ ಸೇವೆಯ ಪರೀಕ್ಷೆಯನ್ನು ಎರಡು ಸಲ ಕನ್ನಡದಲ್ಲಿ ಬರೆದಿದ್ದೆ, ಬೆರಳಿಗೆ ಬೊಕ್ಕೆ ಬರುವ ತನಕ ಬರೆದಿದ್ದೆ. ಎರಡೂ ಸಲ ಒಂದೇ ಕಡೆ ಮುಗ್ಗರಿಸಿ ಬಿದ್ದೆ, ಕಡ್ಡಾಯ ಇಂಗ್ಲಿಷಿನಲ್ಲಿ. ಆ ಪತ್ರಿಕೆಯ ಅಂಕಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ, ಪಾಸಾದರೆ ಸಾಕು. ಆದರೆ ಪಾಸಾಗದಿದ್ದರೆ ಉಳಿದ ಉತ್ತರಪತ್ರಿಕೆಗಳನ್ನು ಯಾರೂ ತಿದ್ದುವುದೇ ಇಲ್ಲ. ನಾನು ರಾತ್ರಿ ಹಗಲು ಓದಿ, ತಲೆಯಲ್ಲಿದ್ದದ್ದನ್ನೆಲ್ಲ ಸುರಿದು ಬರೆದ ಇತಿಹಾಸದ ಹಾಳೆಗಳು ಕಟ್ಟು ಬಿಚ್ಚದೆಯೇ ರದ್ದಿಗೆ ಹೋದವು. ಓದಿ, ಇವಳಿಗೆ ಏನೂ ಬರುವುದಿಲ್ಲ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ಓದಲೇ ಇಲ್ಲವಲ್ಲ. ಅಂಕಪಟ್ಟಿಯಲ್ಲಿ ಆ ವಿಷಯಗಳ ಮುಂದೆ ಒಂದೊಂದು ಅಡ್ಡಗೆರೆ ಎಳೆದಿದ್ದರು. ಅದನ್ನು ನೋಡಿದಾಗ ಮೈಯೆಲ್ಲ ಉರಿದು ಹೋಗಿತ್ತು.

ಮೂರನೆಯದು ಕೊನೆಯ ಸಲ. ಆಮೇಲೆ ನನ್ನ ವಯಸ್ಸು ಮೀರುತ್ತಿತ್ತು. ಅತ್ತೆಯವರು ಕೆಟ್ಟವರಲ್ಲ, ಆದರೆ ರೊಟ್ಟಿ ಬಡಿಯುತ್ತ, "ಇದೊಂದ ಸಲ ಮುಗೀಲಿ ತಾಯಿ, ಆಮ್ಯಾಲೆ ಎಲ್ಲಾರೂ ಆರಾಮ ಇರೂಣು" ಎನ್ನುತ್ತಿದ್ದರು. ಆ ಮಾತಿಗೆ ಅಳಬೇಕೋ ನಗಬೇಕೋ ತಿಳಿಯುತ್ತಿರಲಿಲ್ಲ. ಅಕ್ಕೋರ ಹತ್ತಿರ ಹೋಗು ಎಂದು ಹೇಳಿದವರು ಮನೆಯವರೇ. ಬೈಕಿನ ಮೇಲೆ ಕರೆದುಕೊಂಡು ಹೋಗಿ ಓಣಿಯ ತಿರುವಿನಲ್ಲೇ ಇಳಿಸಿದರು.

"ಒಳಗ ಬರ್ರಿ, ನೀವೂ ಒಂದ ಮಾತು ಹೇಳ್ರಿ" ಎಂದೆ.

"ನೀ ಹೋಗು. ನನ್ನ ನೋಡಿದ್ರ ಅಕ್ಕೋರು ಇನ್ನೂ ಸ್ಪೆಲಿಂಗ ಕೇಳ್ತಾರ" ಎಂದು ಗಾಡಿ ತಿರುಗಿಸಿಕೊಂಡು ಹೋದರು. ಎರಡು ಮಕ್ಕಳ ಅಪ್ಪ.

ಅಕ್ಕೋರು ಕಲಿಸುವ ರೀತಿಗೆ ಒಂದು ಹೊತ್ತಿಲ್ಲ, ಒಂದು ಗೊತ್ತಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಯುವ ತನಕ ಮಾತಿಲ್ಲ. ಆಮೇಲೆ ಚಹಾ. ಆಮೇಲೆ ಎದುರು ಮನೆಯವರ ಜೊತೆ ನಳದ ನೀರಿನ ವಿಚಾರ. ಆಮೇಲೆ, ಬಂದವಳು ಸುಮ್ಮನೆ ಯಾಕೆ ಕೂರಬೇಕೆಂದು ನನ್ನ ಮುಂದೆ ಕೆಂಪು ಮೆಣಸಿನಕಾಯಿಯ ರಾಶಿ ಸುರಿದು ತೊಟ್ಟು ಬಿಡಿಸಲು ಹಚ್ಚುತ್ತಿದ್ದರು. ಕಾಲಗಳ ಪಾಠ ನಡೆಯುವುದು ಆಗ. ನಾನು ಸೀನುತ್ತ ಭೂತಕಾಲ ಹೇಳಬೇಕು, ಕಣ್ಣು ಒರೆಸಿಕೊಳ್ಳುತ್ತ ಭವಿಷ್ಯತ್ಕಾಲ ಹೇಳಬೇಕು. ಮೆಣಸಿನಕಾಯಿಯ ಕೈಯಲ್ಲಿ ಕಣ್ಣು ಒರೆಸಿಕೊಂಡರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಒಂದು ದಿನ ಹಾಗೆ ಕಣ್ಣು ಉರಿದು ನೀರಿನ ಹಂಡೆಯ ಕಡೆ ಓಡಿದೆ. ಹಿಂದಿನಿಂದ ಅಕ್ಕೋರು, "ಓಡೂದ ಆಮ್ಯಾಲ ಓಡು, ಆ ವಾಕ್ಯ ಮುಗಿಸಿ ಹೋಗು" ಎಂದು ಕೂಗಿದರು. ಮನೆಗೆ ಬಂದು ಹಿಡಿಶಾಪ ಹಾಕಿದೆ. ನಾಳೆಯಿಂದ ಹೋಗುವುದಿಲ್ಲ ಎಂದೆ. ಮರುದಿನ ಹೋದೆ, ಏಕೆಂದರೆ ಹೋಗಲು ಬೇರೆ ಜಾಗವಿರಲಿಲ್ಲ.

ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಬರೆದದ್ದು ಅಗದಿ ಸರಿ ಇದ್ದರೆ "ಹೂಂ, ಮುಂದ" ಎನ್ನುತ್ತಿದ್ದರು. ಸರಿ ಇಲ್ಲದಿದ್ದರೆ ಮಾತಿಗೆ ಕೊನೆಯೇ ಇರುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ದೂರಿದರೆ "ಕುಣೀಲಾರದಾಕಿ ನೆಲ ಡೊಂಕ ಅಂದ್ಲಂತ" ಎನ್ನುತ್ತಿದ್ದರು. ಗೈಡಿನಲ್ಲಿದ್ದ ದೊಡ್ಡ ದೊಡ್ಡ ಶಬ್ದಗಳನ್ನು ತಂದು ಹಾಕಿದರೆ, "ಈ ಶಬ್ದ ನಿನ್ನ ಮನ್ಯಾಗಿಂದೇನ? ಕಡಾ ತಂದ ಸೀರಿ ಉಟ್ಕೊಂಡ್ರ ನಡಿಗಿ ನೆಟ್ಟಗ ಬರೂದಿಲ್ಲ" ಎನ್ನುತ್ತಿದ್ದರು. ಒಮ್ಮೆ ತಹಶೀಲ್ದಾರರಿಗೆ ಒಂದು ಅರ್ಜಿ ಬರೆಯಲು ಹೇಳಿದರು, ಓಣಿಗೆ ಬೀದಿದೀಪ ಬೇಕೆಂದು. ನಾನು ಕೋಚಿಂಗಿನ ಪದ್ಧತಿಯಂತೆ, ತಮ್ಮ ಪಾದಾರವಿಂದಗಳಿಗೆ ಅತ್ಯಂತ ವಿನಮ್ರಳಾಗಿ ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಆರು ಸಾಲು ಹಾಕಿ, ಆಮೇಲೆ ಆರೋಗ್ಯ ವಿಚಾರಿಸಿ, ಆಮೇಲೆ ದೀಪದ ವಿಷಯಕ್ಕೆ ಬಂದೆ.

ಅಕ್ಕೋರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಏನಬೇ, ದೀಪ ಕೇಳಾಕ ಹೋಗೀಯೋ, ಭಿಕ್ಷಾ ಬೇಡಾಕ ಹೋಗೀಯೋ?"

"ಮರ್ಯಾದಿ ಬ್ಯಾಡೇನ್ರಿ ಅಕ್ಕೋರ?"

"ಮರ್ಯಾದಿ ಒಂದ ಸಾಲಿಗೆ ಸಾಕು. ಓದಾಂವಗ ಮೊದಲನೇ ಸಾಲಿನಾಗ ತಿಳೀಬೇಕು, ಈಕಿಗೆ ಏನ ಬೇಕಂತ. ನಿಂದು ಓದಿ ಓದಿ ಆತ ನಿದ್ದಿ ಹೊಡದಿರ್ತಾನ."

ಇಷ್ಟಾದರೂ ಸಹಿಸಬಹುದಿತ್ತು. ನನ್ನ ತಲೆ ಚಿಟ್ಟು ಹಿಡಿಸಿದ್ದು ಅವರ ಪಡಸಾಲೆಯ ಪ್ರೆಸಿ.

ಉದ್ದದ ಬರಹವೊಂದನ್ನು ಮೂರನೇ ಒಂದು ಪಾಲಿಗೆ ಇಳಿಸಿ ನಮ್ಮ ಮಾತಿನಲ್ಲಿ ಬರೆಯುವುದಕ್ಕೆ ಪರೀಕ್ಷೆಯಲ್ಲಿ ಪ್ರೆಸಿ ಎನ್ನುತ್ತಾರೆ. ನನಗೆ ಎರಡೂ ಸಲ ಕೈಕೊಟ್ಟದ್ದು ಅದೇ. ಎಲ್ಲರೂ ಅದನ್ನು ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕಲಿಯುತ್ತಾರೆ. ಅಕ್ಕೋರು ಹಾಗೆ ಕಲಿಸಲಿಲ್ಲ. ಪಡಸಾಲೆಯಲ್ಲಿ ಕಾಯುತ್ತ ಕೂತ ರೈತರಲ್ಲಿ ಒಬ್ಬರನ್ನು ಮಾತಿಗೆ ಎಳೆಯುತ್ತಿದ್ದರು. "ಏನಪಾ, ಏನಂತ ನಿಮ್ಮೂರ ಸುದ್ದಿ?" ಎಂದರೆ ಸಾಕು, ಆ ಮನುಷ್ಯ ಮಳೆಯಿಂದ ಹಿಡಿದು ಮೈದುನನ ಮದುವೆಯ ತನಕ ಹೇಳುತ್ತಿದ್ದ. ನಾನು ಅದನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಮೂರನೇ ಒಂದು ಪಾಲಿಗೆ ಬರೆಯಬೇಕು. ಅಲ್ಲಿಗೂ ಮುಗಿಯಲಿಲ್ಲ. ಬರೆದದ್ದನ್ನು ಮತ್ತೆ ಕನ್ನಡಕ್ಕೆ ತಂದು ಆ ಮನುಷ್ಯನ ಮುಂದೆಯೇ ಗಟ್ಟಿಯಾಗಿ ಓದಬೇಕು. ತನ್ನ ಮಾತು ಅದರಲ್ಲಿ ಇದೆಯೋ ಇಲ್ಲವೋ ಎಂದು ಅವನೇ ಹೇಳಬೇಕು. ಅವನು ಹೌದೆಂದರೆ ನಾನು ಪಾಸು.

ಊರಿನ ಸೊಸೆ ನಾನು. ಸೆರಗು ಹೊದ್ದುಕೊಂಡು, ಮುಂಡಾಸಿನ ಹಿರಿಯರ ಎದುರು, ಅವರದೇ ಮನೆಯ ಜಗಳವನ್ನು ಅವರಿಗೇ ಓದಿ ಹೇಳುವುದೆಂದರೆ ಹೇಗಿರಬೇಡ. ಮೊದಲ ವಾರ ಧ್ವನಿಯೇ ಹೊರಡಲಿಲ್ಲ. ಅವರಾದರೂ ಎಂಥ ಪರೀಕ್ಷಕರು ಅಂತೀರಿ? ಒಬ್ಬರಿಗೂ ನನ್ನ ಪ್ರೆಸಿ ಹಿಡಿಸುತ್ತಿರಲಿಲ್ಲ. ಒಬ್ಬ ತನ್ನ ಬದುವಿನ ತಂಟೆಯನ್ನು ಒಂದು ತಾಸು ಹೇಳಿದ. ನಾನು ಬೆವರು ಸುರಿಸಿ ಹತ್ತು ಸಾಲಿಗೆ ಇಳಿಸಿ ಓದಿದೆ. ಅವನು ತಲೆ ಅಲ್ಲಾಡಿಸಿ, "ಎಲ್ಲಾ ಬರೋಬ್ಬರಿ ಐತ್ರಿ. ಆದ್ರ ನನ್ನ ಎತ್ತಿನ ಬಣ್ಣ ಬಿಟ್ಟೀರಿ" ಎಂದ.

"ಎತ್ತಿನ ಬಣ್ಣಕ್ಕೂ ಬದುವಿಗೂ ಏನ ಸಂಬಂಧರಿ ಕಾಕಾ?"

"ಸಂಬಂಧ ಇಲ್ಲ ತಂಗಿ. ಆದ್ರ ಅಂಥಾ ಬಣ್ಣದ ಎತ್ತು ನಮ್ಮ ಸೀಮ್ಯಾಗ ಇಲ್ಲ."

ಇನ್ನೊಬ್ಬ, ಭಾವ ತನ್ನನ್ನು ಬೈದ ಬೈಗುಳವನ್ನೆಲ್ಲ ಯಾಕೆ ಬಿಟ್ಟಿದ್ದು ಎಂದು ಮುನಿಸಿಕೊಂಡ. ಅವನ್ನು ಇಂಗ್ಲಿಷಿಗೆ ಹೇಗೆ ತರಲಿ? ಕೆಲವೇ ದಿನಗಳಲ್ಲಿ ಸುದ್ದಿ ಹಬ್ಬಿ, ಕೆಲಸವಿಲ್ಲದವರೂ ಬಂದು ಕೂತು, "ಬಾಯಾರ, ಇವತ್ತ ನಂದೊಂದ ಬರ್ಕೋರಿ" ಎನ್ನತೊಡಗಿದರು. ನನಗೆ ಪರೀಕ್ಷೆ ಹತ್ತಿರ ಬರುತ್ತಿದೆ, ಇವರಿಗೆ ತಮಾಷೆ. ಧಾರವಾಡದಲ್ಲಿ ನನ್ನ ಜೊತೆಯವರು ಹಳೇ ಪ್ರಶ್ನೆಪತ್ರಿಕೆಗಳನ್ನು ಅರೆದು ಕುಡಿಯುತ್ತಿದ್ದರೆ, ನಾನಿಲ್ಲಿ ಎತ್ತಿನ ಬಣ್ಣಕ್ಕೆ ಇಂಗ್ಲಿಷ್ ಶಬ್ದ ಹುಡುಕುತ್ತ ಕೂತಿದ್ದೆ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟೆ.

"ಅಕ್ಕೋರ, ಪರೀಕ್ಷಾದಾಗ ಇವರು ಬರೂದಿಲ್ರಿ. ಕಾಗದದ ಮ್ಯಾಲಿಂದು ಬರ್ತೈತಿ."

"ಗೊತ್ತೈತಿ. ಪರೀಕ್ಷಾ ಮುಗದು ನೌಕರಿ ಸಿಕ್ಕ ಮ್ಯಾಲೆ ಯಾರ ಬರ್ತಾರ ನಿನ್ನ ಮುಂದ? ಕಾಗದ ಬರ್ತಾವೇನ?"

"ನೌಕರಿ ಸಿಗಬೇಕಲ್ರಿ ಮೊದಲ."

"ಮೆಣಸಿನಕಾಯಿ ಅಲ್ಲೇ ಬಿಟ್ಟೀ ನೋಡು" ಎಂದರು. ಇಷ್ಟವಿಲ್ಲದ ಪ್ರಶ್ನೆಗೆ ಅವರು ಉತ್ತರ ಕೊಡುತ್ತಿದ್ದದ್ದು ಹೀಗೆಯೇ.

ಅದಾಗಿ ಸ್ವಲ್ಪ ದಿನಕ್ಕೆ ತಿರ್ಲಾಪುರದಿಂದ ಒಬ್ಬ ವಯಸ್ಸಾದ ರೈತ ಬಂದ. ದಲಾಲರ ಹಳೇ ಗಿರಾಕಿ, ಪ್ರತಿ ವರ್ಷ ಹೆಸರುಕಾಳು, ಹತ್ತಿ ಇಲ್ಲೇ ತಂದು ಹಾಕುವವನು. ಅವತ್ತು ಕೈಯಲ್ಲಿ ಏನೂ ಇರಲಿಲ್ಲ. ದಲಾಲರು ಗದಗಕ್ಕೆ ಹೋಗಿದ್ದರು, ಸಂಜೆಗೆ ಬರುವವರು. ಕೂತ. ಚಹಾ ಕುಡಿದ. ಅಕ್ಕೋರು ಎಂದಿನಂತೆ ಸುದ್ದಿ ಕೇಳಿದರು, ನಾನು ಎಂದಿನಂತೆ ಹಲ್ಲು ಕಚ್ಚಿಕೊಂಡು ಪೆನ್ನು ತೆಗೆದೆ. ಆತ ಹೆಸರು ಹೇಗೆ ಬಂದಿದೆ ಎಂದು ಹೇಳಿದ. ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟದ್ದು, ಆಮೇಲೆ ಬಿಡಿಸುವ ಹೊತ್ತಿಗೆ ಬೇಡವಾದ ಮಳೆ ಬಂದದ್ದು, ಆಳು ಸಿಗದಿರುವುದು, ಮೊಣಕಾಲು ನೋವು, ನವಲಗುಂದದ ಬಸ್ಸಿನಲ್ಲಿ ನಿಂತೇ ಬಂದದ್ದು, ಎಲ್ಲ ಹೇಳಿದ. ನಾನು ಓದಿ ಹೇಳುವ ಮೊದಲೇ ಎದ್ದು ನಿಂತು, "ಬರ್ತೀನ್ರಿ ಅಕ್ಕೋರ" ಎಂದ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತ, ನಮ್ಮ ಕಡೆ ನೋಡದೆ, ತನ್ನಷ್ಟಕ್ಕೆ ಎಂಬಂತೆ ಆತ ಇನ್ನೊಂದು ಮಾತು ಆಡಿದ.

"ಮಗಳು ಮಿಶ್ರಿಕೋಟಿ ಗಂಡನ ಮನ್ಯಾಗ ಇನ್ನ ಇರೂದಿಲ್ಲಂತ್ರಿ. ಸಾಮಾನ ಭಾಳ ಅದಾವು. ಟ್ರಂಕು, ಹೊಲಿಗಿ ಮಷಿನ್ನು. ಬಸ್ಸಿನಾಗ ಹಾಕ್ಕೊಳ್ಳೂದಿಲ್ಲ ಅವರು."

ಅಷ್ಟು ಹೇಳಿ ಓಣಿಗೆ ಇಳಿದು ಹೋದ. ನಾನು ಬರೆದದ್ದನ್ನು ತಿದ್ದಿ ಅಕ್ಕೋರ ಕೈಗೆ ಕೊಟ್ಟೆ. ಅಂಥ ಪ್ರೆಸಿ ನಾನು ಅಲ್ಲಿಯ ತನಕ ಬರೆದಿರಲಿಲ್ಲ. ಮಳೆ, ಬೆಳೆ, ಆಳು, ಎಲ್ಲ ಅಳತೆಯಲ್ಲಿ, ತಪ್ಪಿಲ್ಲದ ವಾಕ್ಯಗಳಲ್ಲಿ ಇದ್ದವು. ಇವತ್ತಾದರೂ ಒಂದು ಒಳ್ಳೆ ಮಾತು ಬಂದೀತು ಎಂದು ಮುಖ ನೋಡಿದೆ.

"ಛಲೋ ಐತಿ ಇಂಗ್ಲಿಷ್ ಅಂತ ಹೇಳಿಸ್ಕೊಳ್ಳಾಕ ಕುಂತೀ ಏನ?" ಎಂದರು ಅಕ್ಕೋರು. "ಆತ ಯಾಕ ಬಂದಿದ್ದ, ಹೇಳು."

"ಹೆಸರಿನ ಸುದ್ದಿ ಹೇಳಾಕ್ರಿ."

"ಮೊಣಕಾಲ ನೋವು ಇಟ್ಕೊಂಡು, ಬಸ್ಸಿನಾಗ ನಿಂತು, ತಿರ್ಲಾಪುರದಿಂದ ಇಲ್ಲೀತನಕ ಹೆಸರಿನ ಸುದ್ದಿ ಹೇಳಾಕ ಬಂದನೇನ? ಕಡೀಕ ಆತ ಹೇಳಿದ್ದು ಎಲ್ಲೈತಿ ಇದರಾಗ?"

"ಅದು ಹೋಗೋಮುಂದ ಹೇಳಿದ್ದಲ್ರಿ. ಮಾತು ಮುಗದಿತ್ತು."

ಅಕ್ಕೋರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗಲೇ. ಉಳಿದದ್ದೆಲ್ಲ ಬರೀ ಗದರಿಕೆ. ಹಾಳೆಯನ್ನು ನನ್ನ ಮಡಿಲಿಗೆ ಒಗೆದು, "ನಮ್ಮ ಮಂದಿ ಏನರ ಕೇಳೂದಿದ್ರ ಕುಂತು ಕೇಳ್ತಾರೇನ? ನೀ ಎಲ್ಲಿ ಹುಟ್ಟಿ ಬೆಳದಾಕಿ? ಹೊಸ್ತಿಲದಾಗ ನಿಂತು ಹೇಳ್ತಾರ, ಅದೂ ಕೇಳಿದಂಗ ಹೇಳೂದಿಲ್ಲ. ಹೋಗು, ಆತನ್ನ ಕೇಳ್ಕೊಂಡ ಬಾ ಲಗೂನ" ಎಂದರು.

ಹೋದೆ. ಆ ಮಧ್ಯಾಹ್ನದ ಬಿಸಿಲಲ್ಲಿ, ಎಂ.ಎ. ಮಾಡಿದವಳು, ಅಧಿಕಾರಿಯಾಗಬೇಕೆಂದು ಹೊರಟವಳು, ಸ್ಟೇಷನ್ ರಸ್ತೆಯಲ್ಲಿ ಸೆರಗು ಹಿಡಿದುಕೊಂಡು ಒಬ್ಬ ಮುದುಕನ ಹಿಂದೆ ಓಡಿದೆ. ಕಿರಾಣಿ ಅಂಗಡಿಯವರು ಎದ್ದು ನಿಂತು ನೋಡಿದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಆತ ಕೂತಿದ್ದ. ಏದುಸಿರು ಬಿಡುತ್ತ, ಯಾಕೆ ಬಂದಿದ್ದಿರಿ ಎಂದು ಕೇಳಿದೆ.

"ಏನಿಲ್ಲ ತಂಗಿ. ಹಂಗ ಸುಮ್ನ ಬಂದಿದ್ದೆ."

ತಲೆ ಚಚ್ಚಿಕೊಳ್ಳಬೇಕೆನಿಸಿತು. ಅಷ್ಟು ದೂರ ಓಡಿ ಬಂದರೂ ಬಾಯಿ ಬಿಡಲೊಲ್ಲ. ಕೊನೆಗೆ ನಾನೇ, "ದಲಾಲರ ಮಾಲಿನ ಗಾಡಿ ಬೇಕಾಗಿತ್ತೇನ್ರಿ ಕಾಕಾ, ಮಗಳ ಸಾಮಾನ ತರಾಕ?" ಎಂದೆ.

ಆತ ತನ್ನ ಕಾಲ ಬೆರಳುಗಳನ್ನು ನೋಡಿಕೊಂಡ. "ಇದ್ರ ಆಗತ್ತಿತ್ತು" ಎಂದ. "ನಾಳೆ ಆದ್ರ ಚಲೋ ಆಗತೈತಿ. ಆಕಿ ಅಳಾಕತ್ತಾಳ ತಂಗಿ, ಫೋನಿನಾಗ" ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು.

ನಾನು ಮರಳಿ ಬಂದು ಹೇಳಿದೆ. ಅಕ್ಕೋರು ಅಲ್ಲೇ ತಮ್ಮನಿಗೆ ಫೋನು ಮಾಡಿ, ನಾಳೆ ಬೆಳಿಗ್ಗೆ ಮಾಲಿನ ಗಾಡಿ ಮಿಶ್ರಿಕೋಟಿಗೆ ಹೋಗಬೇಕು ಎಂದರು. ಹೋಗಬಹುದೇನು ಎಂದು ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಈಗ ಬರಿ" ಎಂದರು. ನಾನು ಇಂಗ್ಲಿಷಿನಲ್ಲಿ ಒಂದೇ ವಾಕ್ಯ ಬರೆದೆ. ಮಗಳನ್ನು ಮನೆಗೆ ಕರೆತರಲು ಈತನಿಗೆ ನಾಳೆ ಗಾಡಿ ಬೇಕು. ಅದನ್ನು ಓದಿ ಅಕ್ಕೋರು ಹಾಳೆ ಪಕ್ಕಕ್ಕಿಟ್ಟರು.

"ಹೂಂ. ಮೊದಲ ಇದನ್ನ ಬರೀಬೇಕು. ಆಮ್ಯಾಲೆ ಜಾಗಾ ಉಳದ್ರ ಹೆಸರು, ಮಳಿ, ಮೊಣಕಾಲು" ಎಂದರು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ: ಬೇಕಾದ್ದನ್ನು ಬಾಯಿಬಿಟ್ಟು ಕೇಳದ ಮುದುಕನ ಮೇಲೋ, ಒಂದು ಕಡ್ಡಾಯ ಪತ್ರಿಕೆಗೆ ನನ್ನನ್ನು ಊರೆಲ್ಲ ಓಡಿಸಿದ ಅಕ್ಕೋರ ಮೇಲೋ. ಆದರೆ ಅಲ್ಲಿಂದ ಮುಂದೆ ಕಾಗದದ ಮೇಲಿನ ಪ್ರೆಸಿ ಬೇರೆ ಥರ ಕಾಣತೊಡಗಿತು. ಯಾವುದೇ ಬರಹ ಓದಿದರೂ, ಇಷ್ಟೆಲ್ಲ ಹೇಳುತ್ತಿರುವ ಈ ಮನುಷ್ಯನಿಗೆ ಬೇಕಾದ್ದೇನು ಎಂದು ಹುಡುಕುತ್ತಿದ್ದೆ. ಅದು ಸಿಕ್ಕರೆ ಉಳಿದದ್ದು ತಾನಾಗಿಯೇ ಚಿಕ್ಕದಾಗುತ್ತಿತ್ತು. ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತಾಗ ಇಂದಿಗೂ ನನಗೆ ಅದೇ ಚಾಳಿ. ಬೀಜ ಕೊಂಡು ಹೊರಟವರು ಬಾಗಿಲಲ್ಲಿ ತಡೆದು ನಿಂತರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿ ಕೊಡುತ್ತೇನೆ. ಮನೆಯವರು ಇದಕ್ಕೆ ಬಹಳ ರೇಗುತ್ತಾರೆ.

ಪರೀಕ್ಷೆ ಬರೆಯಲು ಧಾರವಾಡಕ್ಕೆ ಹೋಗಬೇಕಿತ್ತು. ಹಿಂದಿನ ದಿನ ಅಕ್ಕೋರ ಕಾಲಿಗೆ ನಮಸ್ಕಾರ ಮಾಡಲು ಹೋದೆ. ಅವರಿಗೆ ಕೆಮ್ಮು ಹತ್ತಿತ್ತು, ಮೆಣಸಿನಕಾಯಿಯ ಘಾಟು ಎಂದು ತಾವೇ ಹೇಳಿಕೊಂಡರು. ಹಣೆಗೆ ವಿಭೂತಿ ಹಚ್ಚಿ, ಆಶೀರ್ವಾದ ಮಾಡುವ ಬದಲು, "ಗೊತ್ತಿಲ್ಲದ್ದು ಬರೀಬ್ಯಾಡ, ಗೊತ್ತಿದ್ದದ್ದು ಬಿಡಬ್ಯಾಡ" ಎಂದರು. ಅಷ್ಟು ತಿಂಗಳು ನನ್ನ ಪ್ರಾಣ ಹಿಂಡಿದವರು ಹೊರಡುವಾಗ ಕೊಟ್ಟದ್ದು ಅದಿಷ್ಟೇ. ಒಂದು ಮೃದು ಮಾತು ಆಡಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದುಕೊಂಡು ಬಸ್ಸು ಹತ್ತಿದೆ.

ಪ್ರಶ್ನೆಪತ್ರಿಕೆ ಸುಲಭವೇನೂ ಇರಲಿಲ್ಲ. ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ ಒಂದಕ್ಕೆ ನನ್ನ ಬಾಯಿಪಾಠದ ಸಬಲೀಕರಣವನ್ನು ಎಳೆದು ಕೂರಿಸಬಹುದಿತ್ತು. ಪಕ್ಕದ ಸಾಲಿನವರು ಅದನ್ನೇ ಮಾಡುತ್ತಿದ್ದರೇನೋ, ಪೆನ್ನು ನಿಲ್ಲಿಸದೆ ಬರೆಯುತ್ತಿದ್ದರು. ನಾನು ಇನ್ನೊಂದು ವಿಷಯ ತೆಗೆದುಕೊಂಡು, ಕಂಡದ್ದನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದೆ. ಇಂಗ್ಲಿಷ್ ಬಡವಾಗಿತ್ತು, ಆದರೆ ನನ್ನದಾಗಿತ್ತು. ಪ್ರೆಸಿಗೆ ಮುಂಚೆ ಬಹಳ ಹೊತ್ತು ಸುಮ್ಮನೆ ಕೂತು ಓದಿದೆ. ಹೊರಗೆ ಬಂದಾಗ ಹೇಗಾಯಿತೆಂದು ನನಗೇ ತಿಳಿಯಲಿಲ್ಲ. ಉಳಿದ ಪತ್ರಿಕೆಗಳನ್ನು ಕನ್ನಡದಲ್ಲಿ ಬರೆಯುವಾಗ ಮಾತ್ರ, ಈ ಸಲವಾದರೂ ಯಾರಾದರೂ ಇದನ್ನು ಓದಲಿ ದೇವರೇ ಎಂದು ಪ್ರತಿ ಪುಟಕ್ಕೂ ಬೇಡಿಕೊಂಡೆ.

ಫಲಿತಾಂಶಕ್ಕೆ ಕಾಯುವ ಕಾಲ ಶುರುವಾಯಿತು. ಇವತ್ತು ಬಂತು, ನಾಳೆ ಬಂತು ಎನ್ನುತ್ತ ತಿಂಗಳುಗಳು ಹೋದವು. ಅಕ್ಕೋರ ಕೆಮ್ಮು ಕಡಿಮೆಯಾಗಲಿಲ್ಲ. ಯಾರು ಹೇಳಿದರೂ ಡಾಕ್ಟರ ಹತ್ತಿರ ಹೋಗಲಿಲ್ಲ. ಕೊನೆಗೆ ಹೋದಾಗ ನ್ಯುಮೋನಿಯಾ ಆಗಿತ್ತು. ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದರು. ನಾನು ಮೋಸಂಬಿ ಹಣ್ಣು ಕಟ್ಟಿಸಿಕೊಂಡು ನೋಡಲು ಹೋದೆ. ಮೂಗಿಗೆ ನಳಿಗೆ ಹಾಕಿದ್ದರು, ಮುಖ ಇಷ್ಟೇ ಇಷ್ಟಾಗಿತ್ತು. ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಒಂದೇ ಶಬ್ದ.

"ಬಂತೇನ?"

"ಇನ್ನೂ ಇಲ್ರಿ ಅಕ್ಕೋರ."

ಕಣ್ಣು ಮುಚ್ಚಿಕೊಂಡರು. ನಿದ್ದೆ ಹತ್ತಿತೆಂದು ನಾನು ಹಣ್ಣಿನ ಚೀಲ ಇಟ್ಟು ಸ್ಟೂಲಿನ ಮೇಲೆ ಕೂತೆ. ಕಣ್ಣು ತೆರೆಯದೆಯೇ, "ಬಂದ ಮ್ಯಾಲೆ ಬಾ. ಸುಮ್ನ ಹಣ್ಣ ತಂದು ಮುಂದ ಕುಂಡ್ರಬ್ಯಾಡ" ಎಂದರು. ಆ ಸ್ಥಿತಿಯಲ್ಲೂ ಮಾತು ಮೆಣಸಿನಕಾಯಿಯೇ. ನಾನು ಮುಖ ಗಂಟು ಹಾಕಿಕೊಂಡು ಎದ್ದು ಬಂದೆ. ಆ ವಾರ ಮುಗಿಯುವುದರೊಳಗೆ ಅವರು ಹೋದರು.

ಊರಿಗೆ ಊರೇ ಬಂದಿತ್ತು. ಪಡಸಾಲೆಯಲ್ಲಿ ಅಕ್ಕೋರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ವಿಭೂತಿ ಹಚ್ಚಿ, ಹೂವು ಮುಡಿಸಿ, ಎಲ್ಲ ಸಿಂಗಾರ ಮಾಡಿದ್ದರು. ಹೆಂಗಸರು ಅಳುತ್ತಿದ್ದರು, ದೊಡ್ಡ ದೊಡ್ಡ ಗಂಡಸರು ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು, ನನ್ನ ಗಂಡನೂ. ನನಗೆ ಒಂದು ಹನಿ ನೀರು ಬರಲಿಲ್ಲ. ನನಗೆ ಬಂದದ್ದು ಸಿಟ್ಟು. ಅಷ್ಟು ದಿನ ಬಡಿದು ಬಡಿದು ಕಲಿಸಿದವರು, ಏನಾಯಿತು ಎಂದು ಕೇಳುವ ಮುಂಚೆ ಎದ್ದು ಹೋಗಬಹುದೇ? ಇನ್ನು ನಾನು ಪಾಸಾದರೆ ಯಾರಿಗೆ ಹೇಳಬೇಕು, ನಪಾಸಾದರೆ ಯಾರ ಹತ್ತಿರ ಬೈಸಿಕೊಳ್ಳಬೇಕು? ಅವರ ಹೊಲದಲ್ಲೇ ಸಮಾಧಿ ಮಾಡಿದರು. ಎಲ್ಲರಂತೆ ನಾನೂ ಬಿಲ್ವಪತ್ರೆ ಹಾಕಿ, ಕೈ ಮುಗಿದು, ಬುಸುಗುಡುತ್ತಲೇ ಮನೆಗೆ ಬಂದೆ.

ಫಲಿತಾಂಶ ಬಂದದ್ದು ಮುಂಗಾರಿ ಬಿತ್ತನೆಯ ಹೊತ್ತಿಗೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಯವರು ಒಂದು ಕೈಯಲ್ಲಿ ಹೆಸರಿನ ಬೀಜದ ಚೀಲ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನನ್ನ ನಂಬರು ಹುಡುಕಿದರು. ಸಂದರ್ಶನಕ್ಕೆ ಕರೆದವರ ಪಟ್ಟಿಯಲ್ಲಿ ಅದು ಇರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆವು. ಇರಲಿಲ್ಲ. "ಹೋಗ್ಲಿ ಬಿಡು" ಎಂದರು ಮೆಲ್ಲಗೆ. ಅತ್ತೆಯವರು ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಟ್ಟರು.

ಕೆಲವು ದಿನಗಳ ಮೇಲೆ ಅಂಕಪಟ್ಟಿ ಬಂತು. ಅದನ್ನು ತೆರೆಯುವ ಮನಸ್ಸೂ ಇರಲಿಲ್ಲ, ಸುಮ್ಮನೆ ತೆರೆದೆ. ಇಂಗ್ಲಿಷಿನ ಮುಂದೆ ಅರ್ಹ ಎಂದಿತ್ತು. ಅದರ ಕೆಳಗೆ, ಎರಡು ಸಲವೂ ಅಡ್ಡಗೆರೆ ಇದ್ದ ಜಾಗಗಳಲ್ಲಿ, ಅಂಕಗಳಿದ್ದವು. ಕೆಲವು ಕಡಿಮೆ, ಕೆಲವು ಪರವಾಗಿಲ್ಲ. ಇತಿಹಾಸದ್ದು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಯಾರೋ ಒಬ್ಬರು ಕಟ್ಟು ಬಿಚ್ಚಿ, ನನ್ನ ಹಾಳೆ ತೆರೆದು, ನಾನು ಬರೆದದ್ದನ್ನು ಮೊದಲಿಂದ ಕೊನೆಯ ತನಕ ಓದಿದ್ದರು. ಓದಿ, ಅಳೆದು, ನಿನಗೆ ಇಷ್ಟು ಎಂದಿದ್ದರು.

ಅಂಗಡಿಯ ಬಾಗಿಲು ಅರ್ಧ ಎಳೆಸಿ, ಅಕ್ಕೋರ ಹೊಲಕ್ಕೆ ಕರೆದುಕೊಂಡು ಹೋಗಿರೆಂದು ಮನೆಯವರಿಗೆ ದುಂಬಾಲು ಬಿದ್ದೆ. ಬಿತ್ತನೆಯ ಕಾಲದಲ್ಲಿ ಎಂಥ ಹುಚ್ಚು ಇದು ಎಂದು ಗೊಣಗಿದರು, ಆದರೆ ಬೈಕು ತೆಗೆದರು. ಹೊಲದಲ್ಲಿ ಮಳೆ ಬಿದ್ದ ಎರೆಮಣ್ಣು ಕಾಲಿಗೆ ಗಡ್ಡೆ ಗಡ್ಡೆಯಾಗಿ ಹತ್ತುತ್ತಿತ್ತು. ಮನೆಯವರು ದಾರಿಯಲ್ಲೇ ನಿಂತರು. ನಾನು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸಮಾಧಿಯ ತನಕ ಹೋದೆ.

"ನೌಕರಿ ಸಿಗಲಿಲ್ರಿ ಅಕ್ಕೋರ" ಎಂದೆ. "ಆದ್ರ ಈ ಸಲ ಓದ್ಯಾರ್ರಿ. ಎಲ್ಲಾ ಓದ್ಯಾರ."

ಓದಿದ್ರ ಏನಾತು, ಮುಂದ ಏನ ಮಾಡ್ತಿ ಎಂದು ಅವರು ಗದರಬೇಕಿತ್ತು. ಯಾರೂ ಗದರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ. ಅವರು ಸತ್ತ ದಿನ ಬಾರದ ಅಳು ಆಗ ಬಂತು.